ಹಳೆಯ ಮೋಟಾರ್‌ಹೋಮ್‌ಗೆ ಹೊಸ ಮರಗೆಲಸ: ಬೈಕಂಪಾಡಿಯ ಒಂದು ಶೆಡ್ಡಿನ ಕೆಲಸದ ಬಗ್ಗೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರಲ್ಲಿ ಬೋರ್ಡು ಕೂಡ ಇಲ್ಲದ ಒಂದು ಮರಗೆಲಸದ ಶೆಡ್ಡಿನವರು ನಮ್ಮ 2009ರ ಮಾದರಿಯ ಟೆಂಪೋ ಟ್ರಾವೆಲರ್ ಮೋಟಾರ್‌ಹೋಮ್‌ನ ಒಳಭಾಗವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟಿದ್ದಾರೆ. ಎದುರುಬದುರಾಗಿ ಎರಡು ಬೆಂಚು, ರಾತ್ರಿ ಅವೆರಡನ್ನೂ ಬೆಸೆದು ಮಂಚವಾಗಿಸುವ ಮಡಚು ಮೇಜು, ಅಡುಗೆಯ ಕಟ್ಟೆ, ಬಟ್ಟೆಗೆ ಒಂದು ಎತ್ತರದ ಕಪಾಟು, ಮೇಲ್ಗಡೆ ಎರಡೂ ಬದಿಗೆ ಸಾಲಾಗಿ ಪೆಟ್ಟಿಗೆಗಳು, ಹಿಂಬದಿಯಲ್ಲಿ ನೀರಿನ ಟ್ಯಾಂಕಿಗೂ ಬ್ಯಾಟರಿಗೂ ಗೂಡುಗಳು: ನಾವು ಒಪ್ಪಿಸಿದ ಕೆಲಸ ಇಷ್ಟು. ಒಂದು ಪೂರ್ತಿ ಮಳೆಗಾಲವನ್ನೂ ಆಗುಂಬೆ, ಶಿರಾಡಿ ಘಾಟಿಗಳನ್ನೂ ದಾಟಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಚಲಿಸುವ ಗಾಡಿಯೊಳಗೆ ಮರಗೆಲಸ ಹೇಗಿರಬೇಕು ಎಂಬುದನ್ನು ಇಷ್ಟು ಚೆನ್ನಾಗಿ ಬಲ್ಲವರನ್ನು ಮಂಗಳೂರು ಉಡುಪಿಯ ನಡುವೆ ನಾನು ಬೇರೆ ಕಂಡಿಲ್ಲ. ಆದರೆ ಹೊರಮೈಯ ನಾಜೂಕು ಬೇಕೆನ್ನುವವರಿಗೂ, ಹೇಳಿದ ದಿನಕ್ಕೆ ಕೆಲಸ ಮುಗಿಯಬೇಕು ಎನ್ನುವವರಿಗೂ ಈ ಶೆಡ್ಡು ತಕ್ಕದ್ದಲ್ಲ. ಶೆಡ್ಡಿನ ಯಜಮಾನರಾದ ಆಚಾರ್ರು ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಎಲ್ಲಿಯೂ ಹಾಕಕೂಡದೆಂದು ಮೊದಲೇ ಹೇಳಿಬಿಟ್ಟಿದ್ದರಿಂದ ಅವೆರಡನ್ನೂ ಇಲ್ಲಿ ಕೊಡುತ್ತಿಲ್ಲ.

ಕೆಲಸ ಕೊಡುವ ಮುನ್ನ ಬೇರೆ ಎರಡು ಕಡೆ ದರ ಕೇಳಿದ್ದೆವು. ಮನೆಗಳಿಗೆ ಮಾಡ್ಯುಲರ್ ಅಡುಗೆಮನೆ ಮಾಡಿಕೊಡುವ ನಗರದ ಒಂದು ಒಳಾಂಗಣ ಸಂಸ್ಥೆಯವರು ಲೇಸರ್ ಯಂತ್ರ ಹಿಡಿದು ಕ್ಷಣಮಾತ್ರದಲ್ಲಿ ಅಳತೆ ಮುಗಿಸಿ, ಕಂಪ್ಯೂಟರಿನಲ್ಲಿ ಬಿಡಿಸಿದ ಚೆಂದದ ಬಣ್ಣದ ಚಿತ್ರವೊಂದನ್ನು ಮರುದಿನವೇ ಕಳುಹಿಸಿದರು. ಆ ಚಿತ್ರದಲ್ಲಿ ಗಾಡಿಯ ಗೋಡೆಗಳು ನೆಟ್ಟಗೆ ನಿಂತಿದ್ದವು. ನಮ್ಮ ಗಾಡಿಯ ಗೋಡೆಗಳಿಗಾದರೋ ಆ ಗುಣ ಹುಟ್ಟಿನಿಂದಲೇ ಇಲ್ಲ. ಅವರು ಕೊಟ್ಟ ಪಟ್ಟಿಯಲ್ಲಿ ಬೆಂಚು, ಬಾಗಿಲು, ಅಡ್ಡಹಲಗೆ ಎಲ್ಲದಕ್ಕೂ 18 ಮಿಲಿಮೀಟರ್ ದಪ್ಪದ ಪ್ಲೈವುಡ್ಡೇ ಇತ್ತು, ದರವೂ ಮನೆಯ ಕಪಾಟಿನಂತೆ ಚದರಡಿಯ ಲೆಕ್ಕದಲ್ಲಿತ್ತು. ಎರಡನೆಯವರು ಬಸ್ ಬಾಡಿ ಕಟ್ಟುವವರು. ಅವರ ವೆಲ್ಡಿಂಗ್ ಕೆಲಸ ಅಚ್ಚುಕಟ್ಟು, ಗಾಡಿಯ ಎಲುಬು ಎಲ್ಲಿದೆ ಎಂಬುದು ಅವರಿಗೆ ಕಣ್ಣು ಮುಚ್ಚಿಯೂ ಗೊತ್ತು. ಆದರೆ ಪ್ರತಿಯೊಂದು ಪೆಟ್ಟಿಗೆಗೂ ಕಬ್ಬಿಣದ ಚೌಕ ಪೈಪಿನ ಚೌಕಟ್ಟು ಮಾಡಿ ಅದರ ಮೇಲೆ ಹಲಗೆ ಹೊದಿಸುವುದು ಅವರ ಕ್ರಮ. ಸೀಟು ಕೂರಿಸಬೇಕಾದವರಿಗೆ ಅವರೇ ಸರಿ, ಕಪಾಟು ಬೇಕಾದವರಿಗೆ ಅದು ಅನಗತ್ಯ ಭಾರ.

ಭಾರದ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಳೆಯ ಗಾಡಿಗೆ ಮರಗೆಲಸ ಮಾಡಿಸುವವರು ಬಣ್ಣ, ವಿನ್ಯಾಸಗಳ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಮಾತಾಡುವುದಿಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ 18 ಮಿಲಿಮೀಟರ್ ಪ್ಲೈವುಡ್ ಸುಮಾರು 35 ಕಿಲೋ ತೂಗುತ್ತದೆ; ಅದೇ 12 ಮಿಲಿಮೀಟರಿನದು ಸುಮಾರು 23 ಕಿಲೋ, 9 ಮಿಲಿಮೀಟರಿನದು 17 ಕಿಲೋ, 6 ಮಿಲಿಮೀಟರಿನದು 12 ಕಿಲೋ. ಇದರ ಮೇಲೆ ಒಂದು ಮಿಲಿಮೀಟರಿನ ಮೈಕಾ, ಎಂದರೆ ಲ್ಯಾಮಿನೇಟ್ ಹಾಳೆ, ಅಂಟಿಸಿದರೆ ಪ್ರತಿ ಮುಖಕ್ಕೂ ಹಾಳೆಗೆ 4 ಕಿಲೋ ಕೂಡುತ್ತದೆ. ಹೀಗಾಗಿ ದಪ್ಪ ಪ್ಲೈವುಡ್ಡಿನ 10 ಹಾಳೆ ಬಳಸಿ ಎರಡೂ ಮುಖಕ್ಕೆ ಮೈಕಾ ಹೊದಿಸಿದರೆ ಅಂಟು, ಹಿಂಜಸ್, ಡ್ರಾಯರಿನ ಚಾನೆಲ್‌ಗಳನ್ನು ಬಿಟ್ಟೇ 430 ಕಿಲೋ ಆಗುತ್ತದೆ. ಆ ಬಳಿಕ ನೀರು, ಬ್ಯಾಟರಿ, ಪಾತ್ರೆ, ಹಾಸಿಗೆ, ಮನುಷ್ಯರು. ಮೂಗಿಗಿಂತ ಮೂಗುತ್ತಿ ಭಾರವಾದಾಗ ಅದನ್ನು ಅನುಭವಿಸುವುದು ಗಾಡಿಯ ಹಿಂದಿನ ಕಮಾನುಪಟ್ಟಿಗಳೂ ಘಾಟಿಯಲ್ಲಿ ಇಳಿಯುವಾಗಿನ ಬ್ರೇಕುಗಳೂ.

ಈ ಶೆಡ್ಡಿನ ಆಚಾರ್ರು ತರುಣರಾಗಿದ್ದಾಗ ಮಲ್ಪೆಯಲ್ಲಿ ಮರದ ದೋಣಿ ಕಟ್ಟುವಲ್ಲಿ ಕೆಲಸ ಕಲಿತವರು. ನಾವು ಅಂತರ್ಜಾಲದಿಂದ ಆಯ್ದ ಚಿತ್ರಗಳನ್ನು ತೋರಿಸಲು ಹೊರಟಾಗ ಅವರು ಅದರತ್ತ ನೋಡದೆ, "ಆರ್‌ಸಿ ತಂದಿದ್ದೀರಾ? ತೂಕದ ಚೀಟಿ ಉಂಟಾ?" ಎಂದು ಕೇಳಿದರು. ಇರಲಿಲ್ಲ. ನವಮಂಗಳೂರು ಬಂದರಿಗೆ ಹೋಗಿಬರುವ ಲಾರಿಗಳ ದೆಸೆಯಿಂದ ಆ ಆಸುಪಾಸಿನಲ್ಲಿ ತೂಕದ ಸೇತುವೆಗಳಿಗೆ ಕೊರತೆಯಿಲ್ಲ. ಅಲ್ಲಿಗೆ ನಮ್ಮನ್ನು ಕಳುಹಿಸಿ, ಮೊದಲು ಇಡೀ ಗಾಡಿಯನ್ನೂ ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿಯೂ ಎರಡು ಚೀಟಿ ತರಿಸಿಕೊಂಡರು. ಒಟ್ಟು ತೂಕದಿಂದ ಮುಂದಿನ ಅಚ್ಚಿನ ತೂಕ ಕಳೆದರೆ ಹಿಂದಿನ ಅಚ್ಚಿನ ತೂಕ ಸಿಗುತ್ತದೆ. ಆರ್‌ಸಿಯಲ್ಲಿರುವ ಗರಿಷ್ಠ ತೂಕಕ್ಕೂ ಚೀಟಿಯಲ್ಲಿರುವುದಕ್ಕೂ ನಡುವೆ ಎಷ್ಟು ಉಳಿದಿದೆ ಎಂದು ನೋಡಿದ ಮೇಲೆಯೇ ಅವರು ಪೆನ್ಸಿಲ್ ಕೈಗೆತ್ತಿಕೊಂಡದ್ದು. ಈ ವೃತ್ತಿಯಲ್ಲಿ ಯಾರನ್ನು ನಂಬಬಹುದು ಎಂದು ತಿಳಿಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಹಳೆಯ ಒಳಾಂಗಣವನ್ನು ಬಿಚ್ಚಿದಾಗ ಕಂಡದ್ದು ಕರಾವಳಿಯ ಯಾರಿಗೂ ಆಶ್ಚರ್ಯವಾಗುವಂಥದ್ದಲ್ಲ. ಹಿಂದಿನ ಮಾಲೀಕರು ಮಾಡಿಸಿದ್ದು ಮಾರುಕಟ್ಟೆಯಲ್ಲಿ ಕಮರ್ಷಿಯಲ್ ಎಂದು ಕರೆಯುವ, ತೇವವನ್ನು ಒಂದಿಷ್ಟು ಮಾತ್ರ ತಡೆಯುವ ಪ್ಲೈವುಡ್ಡಿನಲ್ಲಿ. ಅದರ ಪದರಗಳನ್ನು ಬೆಸೆಯುವ ಯೂರಿಯಾ ಅಂಟು ನೀರು ತಾಗುತ್ತಿದ್ದರೆ ಕ್ರಮೇಣ ಬಿಡುತ್ತದೆ. ನೆಲಕ್ಕೆ ತಾಗಿದ್ದ ಅಂಚುಗಳೆಲ್ಲ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿದ್ದವು, ಬೆಂಚಿನ ಒಳಮೈಯಲ್ಲಿ ಕುಟ್ಟೆ ಹುಳುವಿನ ಹಿಟ್ಟು ಸುರಿದಿತ್ತು, ಕಿಟಕಿಯ ಕೆಳಗಿನ ಉಷ್ಣನಿರೋಧಕ ಹತ್ತಿ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಶೆಡ್ಡಿನವರು ಅಲ್ಲಿಗೆ ಕೆಲಸ ನಿಲ್ಲಿಸಿದರು. ಸೋರಿಕೆ ಎಲ್ಲಿಂದ ಎಂದು ತಿಳಿಯದೆ ಒಂದು ರೀಪನ್ನೂ ಹೊಡೆಯುವುದಿಲ್ಲವೆಂದು ಹೇಳಿ, ಒಬ್ಬ ಹುಡುಗನನ್ನು ಗಾಡಿಯೊಳಗೆ ಟಾರ್ಚು ಕೊಟ್ಟು ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕಿಟಕಿ, ಒಂದೊಂದೇ ಜೋಡಣೆಯನ್ನು ನೋಡುತ್ತ ಹೋದರು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಮೂಲ ತಿಳಿಯುವುದಿಲ್ಲ. ಕೆಳಗಿನಿಂದ ಏರುತ್ತ ಹೋದರೆ ಹನಿ ಕಂಡ ಜಾಗವೇ ತಪ್ಪಿತಸ್ಥ. ಎಡಬದಿಯ ನಡುವಿನ ಕಿಟಕಿಯ ರಬ್ಬರು ಹಾಗೂ ಚಾವಣಿಯ ಗಾಳಿಕಿಂಡಿಯ ಅಂಚು ಎರಡೂ ಸಿಕ್ಕಿಬಿದ್ದವು. ಪಕ್ಕದ ಟಿಂಕರಿಂಗ್ ಶಾಪಿನಲ್ಲಿ ನೆಲದ ತುಕ್ಕನ್ನು ತಂತಿಬ್ರಷ್‌ನಲ್ಲಿ ಕೆರೆದು, ಎರಡು ಕಡೆ ತೇಪೆ ಬೆಸೆದು, ಎಪಾಕ್ಸಿ ಪ್ರೈಮರ್ ಹೊಡೆಸಿದ ಮೇಲೆಯೇ ಗಾಡಿ ಮತ್ತೆ ಶೆಡ್ಡಿಗೆ ಬಂತು. ಇದರಿಂದ ಖರ್ಚೂ ತಡವೂ ಆಯಿತು. ಆದರೆ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಒದ್ದೆ ಗೋಡೆಗೆ ಹೊಸ ಹಲಗೆ ಹೊಡೆದು ಹಣ ಎಣಿಸಿಕೊಳ್ಳುವ ಕೆಲಸ ಅವರು ಮಾಡಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಅಳತೆ ತೆಗೆದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಇಡೀ ಕೆಲಸದ ಜೀವ ಇರುವುದು ಅಲ್ಲಿ. ವ್ಯಾನಿನ ಪಕ್ಕದ ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ಬಾಗುತ್ತದೆ, ಹಿಂದಕ್ಕೆ ಹೋದಂತೆ ತುಸು ಕಿರಿದಾಗುತ್ತದೆ, ಚಕ್ರದ ಗೂಡು ಒಳಗೆ ಉಬ್ಬಿಕೊಂಡಿರುತ್ತದೆ. ಹದಿನೈದು ವರ್ಷ ಓಡಿದ ಗಾಡಿಯಲ್ಲಿ ಬಲಗೋಡೆ ಎಡಗೋಡೆಯ ಪಡಿಯಚ್ಚಾಗಿಯೂ ಇರುವುದಿಲ್ಲ. ಇಂಥಲ್ಲಿ ರಸಮಟ್ಟವನ್ನು ನಂಬಿದರೆ ಕೆಟ್ಟಂತೆಯೇ, ಏಕೆಂದರೆ ಗಾಡಿ ನಿಂತ ನೆಲ, ಟೈರಿನ ಗಾಳಿ, ಸವೆದ ಕಮಾನುಪಟ್ಟಿ ಇವೆಲ್ಲ ಸೇರಿ ಗುಳ್ಳೆಯನ್ನು ಎತ್ತಲೋ ಓಡಿಸುತ್ತವೆ. ಆಚಾರ್ರು ರಸಮಟ್ಟವನ್ನು ಹೊರತೆಗೆಯಲೇ ಇಲ್ಲ. ಗಾಡಿಯ ನೆಲದ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಒಂದು ದಾರ ಎಳೆದು ಕಟ್ಟಿ, ಎಲ್ಲ ಅಳತೆಗಳನ್ನೂ ಆ ದಾರದಿಂದ ಬಲಕ್ಕೆ, ಎಡಕ್ಕೆ ಎಂದು ತೆಗೆದರು. ಎತ್ತರಗಳನ್ನು ಗಾಡಿಯ ನೆಲದಿಂದಲೇ ಅಳೆದರು. ಬಳಿಕ ಫ್ರಿಜ್ಜಿನ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಅಗಲಕ್ಕೆ ಕತ್ತರಿಸಿ, ಕಪಾಟು ಬರುವ ಜಾಗದಲ್ಲಿ ಗೋಡೆಗೆ ಅಡ್ಡಲಾಗಿ ನಿಲ್ಲಿಸಿ, ಎರಡು ಬೆರಳಿನಷ್ಟು ಅಗಲದ ಮರದ ತುಂಡೊಂದಕ್ಕೆ ಪೆನ್ಸಿಲನ್ನು ಒತ್ತಿ ಹಿಡಿದು ಗೋಡೆಗುಂಟ ಮೇಲಿನಿಂದ ಕೆಳಕ್ಕೆ ಎಳೆದರು. ತುಂಡಿನ ಒಂದು ಮಗ್ಗುಲು ಗೋಡೆಯ ಪ್ರತಿ ಉಬ್ಬುತಗ್ಗನ್ನೂ ಸವರಿಕೊಂಡು ಹೋದಂತೆ, ಇನ್ನೊಂದು ಮಗ್ಗುಲಿನ ಪೆನ್ಸಿಲ್ ಅದೇ ಬಾಗನ್ನು ರಟ್ಟಿನ ಮೇಲೆ ಮೂಡಿಸುತ್ತದೆ. ರಟ್ಟನ್ನು ಆ ಗೆರೆಯಲ್ಲಿ ಕತ್ತರಿಸಿ ಮತ್ತೆ ಹಿಡಿದು ನೋಡಿ, ಬೆಳಕು ತೂರುವಲ್ಲಿ ಕಾಗದದ ಪಟ್ಟಿ ಅಂಟಿಸಿ ತಿದ್ದಿ, ಬೆಳಕು ತೂರದಂತಾದ ಮೇಲೆಯೇ ಆ ಅಚ್ಚು ಪ್ಲೈವುಡ್ಡಿನ ಮೇಲೆ ಹೋಯಿತು. ಗರಗಸ ಗೆರೆಯ ಹೊರಗೆ ಒಂದು ಕೂದಲೆಳೆ ಬಿಟ್ಟು ಓಡಿತು, ಉಳಿದದ್ದನ್ನು ಕೀಸುಳಿಯಲ್ಲಿ ಸವರಿ ಕೂರಿಸಿದರು. ಇಂದಿಗೂ ನಮ್ಮ ಕಪಾಟಿಗೂ ಗೋಡೆಗೂ ನಡುವೆ ಒಂದು ಅಂಚೆಕಾರ್ಡು ತೂರುವುದಿಲ್ಲ, ಸಿಲಿಕೋನ್ ತುಂಬಿ ಮುಚ್ಚಿದ ಸಂದು ಎಲ್ಲಿಯೂ ಇಲ್ಲ. ದೋಣಿಯ ಪಕ್ಕೆಗೆ ಹಲಗೆ ಹೊಂದಿಸಿ ಪಳಗಿದ ಕೈಗೆ ಇದು ದೊಡ್ಡ ವಿಷಯವಲ್ಲದಿರಬಹುದು. ಲೇಸರ್ ಹಿಡಿದು ಬಂದವರಿಗೆ ಇದು ಹೊಳೆದೇ ಇರಲಿಲ್ಲ.

ಸಾಮಗ್ರಿಯ ವಿಷಯದಲ್ಲಿ ಅವರು ಹಠಮಾರಿ, ಆ ಹಠದಲ್ಲಿ ಹೆಚ್ಚಿನದು ನ್ಯಾಯವಾದದ್ದು. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಗುರುತು ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ. ಮೆರೈನ್ ದರ್ಜೆಯ ಆ ಹಲಗೆಯ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಮಾನದಂಡ, ಅದರಲ್ಲಿ ಫಿನಾಲ್ ಅಂಟು ಇರುತ್ತದೆ. ಬೆಂಚಿನ ನಿಲುವು ಹಲಗೆಗಳಿಗೆ 12 ಮಿಲಿಮೀಟರ್, ಬಾಗಿಲುಗಳಿಗೂ ಮೇಲಿನ ಪೆಟ್ಟಿಗೆಗಳಿಗೂ 9, ಹಿಂಬದಿಯ ಮುಚ್ಚಿಗೆಗೆ 6. 18 ಮಿಲಿಮೀಟರಿನದು ಅಡುಗೆ ಕಟ್ಟೆಯ ಮೇಲ್ಮೈಗೆ ಮಾತ್ರ. ತೆಳು ಹಲಗೆಗೆ ಬಲ ಬರುವುದು ಜೋಡಣೆಯಿಂದ: ಪ್ರತಿ ಮೂಲೆಗೂ ಒಳಗಿನಿಂದ ಒಂದಿಂಚಿನ ರೀಪು, ನೀರು ತಡೆಯುವ ಅಂಟು, ಸ್ಟೈನ್‌ಲೆಸ್ ಸ್ಕ್ರೂ, ಮೊಳೆ ಎಲ್ಲಿಯೂ ಇಲ್ಲ. ರೀಪುಗಳಿಗೂ ಮಂಚದ ಪಟ್ಟಿಗಳಿಗೂ ಅಂಚಿನ ಬೀಡಿಂಗಿಗೂ ಬಳಸಿದ್ದು ಹೆಬ್ಬಲಸು. ದೋಣಿ ಕಟ್ಟುವವರು ತಲೆಮಾರುಗಳಿಂದ ನೆಚ್ಚಿಕೊಂಡ ಮರ ಅದು, ನೀರಿಗೆ ಹೆದರುವುದಿಲ್ಲ, ಸಾಗುವಾನಿಯಷ್ಟು ಬೆಲೆಯೂ ಇಲ್ಲ. ರಬ್ಬರ್ ಮರದ ಹಲಗೆ ಅಗ್ಗವಾಗಿ ಸಿಗುತ್ತದೆಂದು ನಾವು ಪ್ರಸ್ತಾಪಿಸಿದಾಗ, ಸಂಸ್ಕರಣೆ ಕೈಕೊಟ್ಟರೆ ಅದಕ್ಕೆ ಹುಳುವೂ ಬೂಷ್ಟೂ ಬೇಗ ಹತ್ತುತ್ತವೆ ಎಂದು ತಳ್ಳಿಹಾಕಿದರು. ಈಚೆಗೆ ಎಲ್ಲರೂ ಹೇಳುವ, ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಬೋರ್ಡನ್ನೂ ಒಪ್ಪಲಿಲ್ಲ: ನೀರಿಗೆ ಅದು ಜಗ್ಗುವುದಿಲ್ಲ ನಿಜ, ಆದರೆ ತೂಕ ಹೆಚ್ಚು, ಬಿಸಿಲಿನಲ್ಲಿ ನಿಂತ ಗಾಡಿಯ ಕಾವಿಗೆ ಉದ್ದದ ಹಲಗೆ ತಗ್ಗುತ್ತದೆ, ಅಲುಗಾಟಕ್ಕೆ ಸ್ಕ್ರೂ ಹಿಡಿತ ಸಡಿಲವಾಗುತ್ತದೆ. ಬಾಗಿಲುಗಳ ಎರಡೂ ಮುಖಕ್ಕೆ ಮೈಕಾ ಹಾಕಬೇಕೆಂಬ ಅವರ ಒತ್ತಾಯವನ್ನು ನಾವು ಮೊದಲು ಬಿಲ್ಲು ಏರಿಸುವ ಉಪಾಯವೆಂದೇ ಅಂದುಕೊಂಡಿದ್ದೆವು. ಒಂದೇ ಮುಖಕ್ಕೆ ಹಾಕಿದರೆ ಇನ್ನೊಂದು ಮುಖ ಮಾತ್ರ ತೇವ ಹೀರಿ ತೆಳು ಬಾಗಿಲು ಸೊಟ್ಟಗಾಗುತ್ತದೆ ಎಂಬುದಕ್ಕೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ, ಬೇರೆಲ್ಲಿಂದಲೋ ದುರಸ್ತಿಗೆ ಬಂದ ಬಾಗಿಲೊಂದನ್ನು ತೋರಿಸಿದ ಬಳಿಕ ವಾದಕ್ಕೆ ಜಾಗ ಉಳಿಯಲಿಲ್ಲ. ತೂಕ ಉಳಿಸಲೆಂದು ಒಳಮುಖಕ್ಕೆ 0.8 ಮಿಲಿಮೀಟರಿನ ಮೈಕಾ ಹಾಕಿದರು.

ಇವನ್ನೆಲ್ಲ ಗಾಡಿಗೆ ಬಿಗಿದ ಬಗೆಯೂ ಮೆಚ್ಚುವಂಥದ್ದು. ಗಾಡಿಯ ಹೊರತಗಡಿಗೆ ಒಂದೂ ಸ್ಕ್ರೂ ಹೋಗಿಲ್ಲ. ಎಲ್ಲ ಹಿಡಿತವೂ ಒಳಗಿನ ಉಕ್ಕಿನ ಪಿಲ್ಲರುಗಳಲ್ಲಿ. ಪಿಲ್ಲರಿನಲ್ಲಿ ತೂತು ಕೊರೆದು ಆರು ಮಿಲಿಮೀಟರಿನ ರಿವ್‌ನಟ್ ಎಂಬ ಟೊಳ್ಳು ನಟ್ಟು ತೂರಿಸಿ ಹಿಂಡಿದರೆ ಅದು ಹಿಂಬದಿಯಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಆಮೇಲೆ ಬೋಲ್ಟನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಹಾಕಬಹುದು. ತಗಡಿಗೆ ನೇರವಾಗಿ ಹೊಡೆದ ಸ್ಕ್ರೂ ಆ ಅಲುಗಾಟಕ್ಕೆ ತೂತನ್ನೇ ಅಗಲಿಸಿಕೊಂಡು ಕಳಚಿ ಬೀಳುತ್ತದೆ. ತಲೆಯ ಮೇಲೆ ತೂಗುವ ಪೆಟ್ಟಿಗೆಗಳ ವಿಷಯದಲ್ಲಂತೂ ಈ ಎಚ್ಚರ ಐಚ್ಛಿಕವಲ್ಲ, ಜೋರಾಗಿ ಬ್ರೇಕು ಹಾಕಿದಾಗ ಅದರೊಳಗಿನ ಸಾಮಾನೆಲ್ಲ ಮುಂದಕ್ಕೆ ನುಗ್ಗುತ್ತದೆ. ಕೊರೆದ ಪ್ರತಿ ತೂತಿನ ಅಂಚಿಗೂ ಪ್ರೈಮರ್ ಹಚ್ಚಿದ್ದನ್ನು ಕಂಡೆ. ಉಪ್ಪುಗಾಳಿಯ ಊರಿನ ಕೆಲಸಗಾರರಿಗೆ ಮಾತ್ರ ಬರುವ ಅಭ್ಯಾಸವದು. ಕಂಪನಿಯಿಂದ ಬಂದ, ಸೀಟ್‌ಬೆಲ್ಟ್ ಇರುವ ಸೀಟುಗಳನ್ನು ಅವರು ಮುಟ್ಟಲೇ ಇಲ್ಲ. ಓಡುವಾಗ ಕೂರುವುದು ಅಲ್ಲಿ, ಬೆಂಚು ನಿಂತಾಗ ಮಾತ್ರ ಎಂಬುದು ಅವರ ನಿಯಮ.

ಇಲ್ಲಿ ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ನಮ್ಮ ಗಾಡಿ ಮೊದಲಿನಿಂದಲೂ ಕ್ಯಾಂಪರ್ ವ್ಯಾನ್ ಎಂದೇ ನೋಂದಣಿಯಾಗಿರುವುದರಿಂದ, ಸೀಟಿನ ಸಂಖ್ಯೆ ಬದಲಿಸದೆ ಒಳಗಿನ ಕಪಾಟು ಬೆಂಚುಗಳನ್ನಷ್ಟೇ ಹೊಸದಾಗಿಸಿದೆವು. ಸಾಮಾನ್ಯ ಟೂರಿಸ್ಟ್ ಗಾಡಿಯ ಸೀಟು ಕಿತ್ತು ಮನೆ ಮಾಡಿಕೊಡಿ ಎಂದು ಬಂದವರನ್ನು ಈ ಶೆಡ್ಡಿನವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿಬನ್ನಿ ಎಂದು ವಾಪಸು ಕಳುಹಿಸುತ್ತಾರೆ.

ಅಡುಗೆ ಕಟ್ಟೆಯಲ್ಲಿ ಗಮನಿಸಬೇಕಾದದ್ದು ಗ್ಯಾಸಿನ ಗೂಡು. 5 ಕಿಲೋ ಸಿಲಿಂಡರಿಗೆಂದು ಮಾಡಿದ ಆ ಗೂಡಿಗೆ ಒಳಗಿನಿಂದ ಸಂದು ಬಾರದಂತೆ ರಬ್ಬರು ಪಟ್ಟಿ ಕೊಟ್ಟು, ತಳದಲ್ಲಿ ಗಾಡಿಯ ನೆಲವನ್ನೇ ಕೊರೆದು ಹೊರಗೆ ತೆರೆಯುವ ಕಿಂಡಿ ಇಟ್ಟಿದ್ದಾರೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ನಿಲ್ಲುತ್ತದೆ. ಕಿಂಡಿ ಮೇಲಿದ್ದರೆ ಇದ್ದೂ ಇಲ್ಲದಂತೆ. ನೀರಿನ ಟ್ಯಾಂಕು 60 ಲೀಟರಿನದು, ಎಂದರೆ ತುಂಬಿದಾಗ ನೀರೇ 60 ಕಿಲೋ. ಅದನ್ನು ಎಡಕ್ಕೂ ಬ್ಯಾಟರಿ ಮತ್ತು ಫ್ರಿಜ್ಜನ್ನು ಬಲಕ್ಕೂ ಕೂರಿಸಿ ಗಾಡಿ ಒಂದು ಕಡೆಗೆ ವಾಲದಂತೆ ನೋಡಿಕೊಂಡರು. ಮಂಚದ ಪಟ್ಟಿಗಳ ನಡುವೆ ಎರಡು ಬೆರಳು ಸಂದು, ಬೆಂಚಿನ ಪೆಟ್ಟಿಗೆಯ ನಾಲ್ಕೂ ಮುಖಕ್ಕೆ ಗಾಳಿತೂತುಗಳು. ಹಾಸಿಗೆಯ ಅಡಿಯಲ್ಲಿ ಗಾಳಿಯಾಡದಿದ್ದರೆ ಜಡಿಮಳೆಯ ಆಟಿ ತಿಂಗಳಲ್ಲಿ ಅಲ್ಲಿ ಬೂಷ್ಟು ಬೆಳೆಯುವುದನ್ನು ಯಾರೂ ತಡೆಯಲಾರರು. ಕಳೆದ ಮಳೆಗಾಲದಲ್ಲಿ ನಮ್ಮ ಫೋಮಿನ ಅಡಿ ಒಣಗಿಯೇ ಇತ್ತು. ಕುಶನ್ ಕೆಲಸ ಬೇರೆಯವರದು, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಇನ್ನು ದೂರುಗಳು. ಮೊದಲನೆಯದು ಹಿಂಜಸ್‌ನದು, ಇದೇ ದೊಡ್ಡದು. ಎಲ್ಲ ಹಿಂಜಸ್‌ಗಳೂ ಸ್ಟೈನ್‌ಲೆಸ್ ಇರಬೇಕೆಂದು ನಾವು ಬಾಯಿಮಾತಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆವು. ಸ್ಕ್ರೂಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಶೆಡ್ಡಿನವರು ಬಾಗಿಲುಗಳಿಗೆ ಮಾತ್ರ ಮನೆಯ ಕಪಾಟಿಗೆ ಹಾಕುವ, ಕಬ್ಬಿಣಕ್ಕೆ ನಿಕ್ಕಲ್ ಲೇಪಿಸಿದ, ಬಾಗಿಲನ್ನು ಸದ್ದಿಲ್ಲದೆ ಮೆಲ್ಲಗೆ ಮುಚ್ಚುವ ಸಾಫ್ಟ್‌ಕ್ಲೋಸ್ ಹಿಂಜಸ್‌ಗಳನ್ನು ಜೋಡಿಸಿಬಿಟ್ಟರು. ಮಳೆಗಾಲದ ನಡುವಿಗೇ ಬಿಳಿ ಮೈಕಾದ ಮೇಲೆ ಕಿತ್ತಳೆ ಬಣ್ಣದ ಕಲೆಗಳು ಇಳಿದವು. ದೂರಿದಾಗ ಬದಲಿಸಿಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಹೊಸ ಹಿಂಜಸ್‌ಗಳ ಬೆಲೆಯನ್ನು ನಮ್ಮಿಂದಲೇ ಪಡೆದರು, ಹಳೆಯವುಗಳ ಬೆಲೆಯನ್ನು ಬಿಲ್ಲಿನಿಂದ ಕಳೆಯಲಿಲ್ಲ. ಇದು ಸರಿಯಲ್ಲವೆಂದು ಅವರಿಗೂ ಹೇಳಿದ್ದೇನೆ. ಸಾಫ್ಟ್‌ಕ್ಲೋಸ್ ಎಂಬುದು ಚಿಲಕವಲ್ಲ ಎಂಬ ತಿಳಿವಳಿಕೆ ಮಾತ್ರ ಅವರಿಗಿತ್ತು, ಆದ್ದರಿಂದ ಪ್ರತಿ ಬಾಗಿಲಿಗೂ ಡ್ರಾಯರಿಗೂ ಒತ್ತಿ ತೆರೆಯುವ ಗುಂಡಿಚಿಲಕ ಬೇರೆಯಾಗಿಯೇ ಇದೆ. ಆಗುಂಬೆಯ 14 ತಿರುವುಗಳನ್ನು ಹತ್ತಿ ಇಳಿದಾಗ ಒಂದು ಬಾಗಿಲೂ ತೆರೆದುಕೊಳ್ಳಲಿಲ್ಲ. ಪಾತ್ರೆಗಳ ಕೆಳಗಿನ ಭಾರದ ಡ್ರಾಯರು ಮಾತ್ರ ಎಡತಿರುವುಗಳಲ್ಲಿ ಚಿಲಕದ ಸಡಿಲಿನಷ್ಟು ಮುಂದೆ ಬಂದು ಟಕ್ ಟಕ್ ಎನ್ನುತ್ತಿತ್ತು. ಒಂದು ತುಂಡು ರಬ್ಬರು ಅಂಟಿಸಿದ ಮೇಲೆ ಅದೂ ಸುಮ್ಮನಾಯಿತು.

ಎರಡನೆಯದು, ಮರಗೆಲಸದವರಿಗೂ ಎಲೆಕ್ಟ್ರೀಶಿಯನ್‌ಗೂ ನಡುವೆ ಮಾತುಕತೆಯೇ ಇಲ್ಲದಿರುವುದು. ನೀರಿನ ಪಂಪು ಬೆಂಚಿನ ಹಿಂಗೋಡೆಯ ಹಿಂದೆ ಕುಳಿತಿದೆ, ಅದನ್ನು ತಲುಪಲು ಕಿಂಡಿಯಿಲ್ಲ. ಪಂಪಿನ ಜಾಲರಿ ತೊಳೆಯಬೇಕಾಗಿ ಬಂದಾಗ ಒಂದಿಡೀ ಹಲಗೆಯನ್ನು ಬಿಚ್ಚಬೇಕಾಯಿತು. ಬಳಿಕ ಅಲ್ಲಿ ಕೊರೆದು ಮುಚ್ಚಳ ಮಾಡಿಕೊಟ್ಟರು; ಮೊದಲೇ ಯೋಚಿಸಿದ್ದರೆ ಮೈಕಾದ ಗೆರೆಗಳು ಮುಚ್ಚಳದ ಮೇಲೂ ಸೀಳದೆ ಸಾಗುತ್ತಿದ್ದವು, ಈಗ ಅದು ತೇಪೆಯಂತೆಯೇ ಕಾಣುತ್ತದೆ. ವಯರುಗಳೆಲ್ಲ ಹಲಗೆಯ ಹಿಂದೆ ಪೈಪಿನೊಳಗೆ ಹೋಗಿವೆ, ಉಕ್ಕಿನ ಅಂಚು ದಾಟುವಲ್ಲಿ ರಬ್ಬರು ಬಳೆಗಳೂ ಇವೆ. ಆದರೆ ಯಾವ ವಯರು ಎಲ್ಲಿ ಹೋಗಿದೆ ಎಂಬ ನಕ್ಷೆಯನ್ನು ಯಾರೂ ಬರೆದಿಡಲಿಲ್ಲ.

ಹೊರಮೈಯ ಬಗ್ಗೆ ಹೇಳುವುದಾದರೆ, ಮೂಲೆಗಳನ್ನು ಮೊಣಕಾಲಿಗೆ ತಾಗದಂತೆ ದುಂಡಗೆ ಮಾಡಿರುವುದು, ಹೆಬ್ಬಲಸಿನ ಬೀಡಿಂಗಿನ ಮೇಲೆ ಕೈಯಾಡಿಸಿದರೆ ಜೋಡಣೆ ತಿಳಿಯದಿರುವುದು ಹಿತವೆನಿಸುತ್ತದೆ. ಆದರೆ ಮೇಲಿನ ಪೆಟ್ಟಿಗೆಗಳ ಬಾಗಿಲುಗಳಲ್ಲಿ ಮರದ ಗೆರೆಯ ಮೈಕಾ ಒಂದರಲ್ಲಿ ಅಡ್ಡಕ್ಕೂ ಪಕ್ಕದ್ದರಲ್ಲಿ ಉದ್ದಕ್ಕೂ ಬಂದಿದೆ. ಹಾಳೆ ಉಳಿಸಲು ಹೀಗೆ ಕತ್ತರಿಸಿದೆ ಎಂಬುದು ಅವರ ಸಮಜಾಯಿಷಿ. ವಾರ್ನಿಷಿನಲ್ಲಿ ಅಲ್ಲಲ್ಲಿ ದೂಳಿನ ಕಣಗಳಿವೆ, ಒಂದೇ ಶೆಡ್ಡಿನಲ್ಲಿ ಒಂದು ಕಡೆ ಗರಗಸವೂ ಇನ್ನೊಂದು ಕಡೆ ಬ್ರಷ್ಷೂ ಓಡುತ್ತಿದ್ದರೆ ಬೇರೇನಾದೀತು. ಸಮಯದ ವಿಷಯದಲ್ಲಿ, ದೀಪಾವಳಿಗೆ ಕೊಡುತ್ತೇವೆಂದ ಗಾಡಿ ಕೈಗೆ ಬಂದದ್ದು ಕ್ರಿಸ್ಮಸ್ ಕಳೆದ ಮೇಲೆ. ನೆಲದ ತುಕ್ಕಿನಿಂದಾದ ತಡವನ್ನು ನಾನು ಅವರ ಲೆಕ್ಕಕ್ಕೆ ಹಾಕುವುದಿಲ್ಲ, ಆದರೆ ನಡುವೆ ಕೆಲಸಗಾರರು ಊರಿನ ಭೂತಕೋಲಕ್ಕೆಂದು ಹೋದರೆ ಎಂದು ಬರುತ್ತಾರೆ ಎಂಬ ಒಂದು ಮಾತು ಫೋನಿನಲ್ಲಿ ಹೇಳಲು ಏನು ಅಡ್ಡಿ? "ಆಗ್ತದೆ, ಆಗ್ತದೆ ಮಾರಾಯ್ರೆ" ಎಂಬ ಉತ್ತರದಿಂದ ರಜೆ ಗೊತ್ತುಮಾಡಿಕೊಳ್ಳಲು ಆಗುವುದಿಲ್ಲ.

ಒಟ್ಟು ಖರ್ಚು 2,85,000 ರೂಪಾಯಿ. ಟಿಂಕರಿಂಗ್, ಕುಶನ್, ವಿದ್ಯುತ್ ಕೆಲಸ ಇದರಲ್ಲಿ ಸೇರಿಲ್ಲ. ಒಳಾಂಗಣ ಸಂಸ್ಥೆಯವರು ಕೇಳಿದ್ದು 4,60,000. ಆಚಾರ್ರು ಚದರಡಿಯ ಲೆಕ್ಕ ಹಿಡಿಯುವುದಿಲ್ಲ: ಸಾಮಾನನ್ನು ಬಂದರಿನ ಅಂಗಡಿಗಳಿಂದ ನಮ್ಮ ಹೆಸರಿನಲ್ಲೇ ಬಿಲ್ಲು ಮಾಡಿಸಿ ತರುತ್ತಾರೆ, ಕೂಲಿಯನ್ನು ದಿನದ ಲೆಕ್ಕದಲ್ಲಿ ವಾರಕ್ಕೊಮ್ಮೆ ಪಡೆಯುತ್ತಾರೆ. ಉಳಿದ ತುಂಡುಗಳನ್ನೂ ಕಟ್ಟಿ ಗಾಡಿಯಲ್ಲಿಟ್ಟು ಕೊಟ್ಟರು. ಕೊನೆಯ ದಿನ ಗಾಡಿಯನ್ನು ಮತ್ತೆ ಅದೇ ತೂಕದ ಸೇತುವೆಗೆ ಒಯ್ದೆವು. ಹಳೆಯ ಮರಗೆಲಸ ಕಳಚಿದಾಗ ಗಾಡಿ 410 ಕಿಲೋ ಹಗುರವಾಗಿತ್ತು, ಹೊಸದು ಕೂಡಿಸಿದ್ದು 260 ಕಿಲೋ. ಉಳಿದ 150 ಕಿಲೋದಲ್ಲಿ ತುಂಬಿದ ನೀರಿನ ಟ್ಯಾಂಕೂ ಬ್ಯಾಟರಿಯೂ ಬಟ್ಟೆಬರೆಯೂ ಹಿಡಿಸುತ್ತವೆ. ಶಿರಾಡಿ ಇಳಿಯುವಾಗ ಗಾಡಿಯ ನಡೆಯಲ್ಲಿ ಆ ವ್ಯತ್ಯಾಸ ಚಾಲಕನಿಗೆ ತಿಳಿಯುತ್ತದೆ, ಹಿಂದೆ ಕುಳಿತವರಿಗೆ ಹಲಗೆಗಳ ಕಿರುಗುಟ್ಟುವಿಕೆ ಇಲ್ಲದಿರುವುದರಿಂದ ತಿಳಿಯುತ್ತದೆ.

ಹಳೆಯ ಗಾಡಿ ಇಟ್ಟುಕೊಂಡು ವರ್ಷದಲ್ಲಿ ಹಲವು ಸಲ ನಿಜವಾಗಿ ತಿರುಗಾಡುವವರಿಗೆ ಈ ಶೆಡ್ಡನ್ನು ಧೈರ್ಯವಾಗಿ ಹೇಳುತ್ತೇನೆ. ಬಾಡಿಗೆಗೆ ಬಿಡಲೆಂದು ಹೊಳೆಯುವ ಒಳಾಂಗಣ ಬೇಕಾದವರು ಬೇರೆ ಕಡೆ ವಿಚಾರಿಸುವುದು ವಾಸಿ. ಹೋಗುವವರು ಹಿಂಜಸ್, ಚಾನೆಲ್, ಚಿಲಕಗಳ ವಿವರವನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ, ಎಲೆಕ್ಟ್ರೀಶಿಯನ್ನನ್ನು ಹಲಗೆ ಕತ್ತರಿಸುವ ಮೊದಲೇ ಆಚಾರ್ರ ಎದುರು ಕೂರಿಸಿ, ಮೈಕಾ ಗೆರೆ ಯಾವ ಕಡೆಗೆ ಎಂಬುದನ್ನು ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಗಾಡಿಯನ್ನು ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಒಯ್ದರೆ ಮರವೂ ಅಂಟೂ ಸರಿಯಾಗಿ ಒಣಗುತ್ತವೆ, ಮಳೆಗಾಲದಲ್ಲಿ ಅವರು ಅಂಟಿನ ಕೆಲಸ ಹಿಡಿಯುವುದೂ ಇಲ್ಲ. ನಮ್ಮದರಲ್ಲಿ ಹಿಂಬಾಗಿಲಿನ ಸೊಳ್ಳೆಪರದೆಯ ಚೌಕಟ್ಟು ಇನ್ನೂ ಬಾಕಿ ಇದೆ, ಅದನ್ನು ಈ ಸಲದ ದೀಪಾವಳಿಗೆ ಕೊಡುತ್ತೇವೆಂದು ಹೇಳಿದ್ದಾರೆ. ಗಾಡಿಯೊಳಗಿನ ಸಾಮಾನನ್ನೆಲ್ಲ ಮನೆಯಲ್ಲೇ ಇಳಿಸಿ ಒಯ್ಯಿರಿ, ಶೆಡ್ಡಿನಲ್ಲಿ ಇಡಲು ಜಾಗವಿಲ್ಲ.